ಕೂರ್ಮಗಡದ ದೋಣಿ

ಕುಬಿಹಾಳದ ನಮಗೆ ನೀರೆಂದರೆ ಕೆರೆ, ಬಾವಿ, ಮಳೆಗಾಲದಲ್ಲಿ ಸೊಕ್ಕುವ ಬೆಣ್ಣೆಹಳ್ಳ. ಎರೆಹೊಲದ ಮಂದಿಗೆ ದೋಣಿ ಹತ್ತುವುದೇ ಒಂದು ಸಂಭ್ರಮ. ಅದಕ್ಕೇ ಇರಬೇಕು, 2019ರ ಜನವರಿ 21ರ ಸುದ್ದಿ ನನ್ನನ್ನು ಇನ್ನೂ ಬಿಟ್ಟಿಲ್ಲ.

ಅಂದು ಪುಷ್ಯ ಹುಣ್ಣಿಮೆ. ಕಾರವಾರದ ಕಡಲಿನಲ್ಲಿರುವ ಕೂರ್ಮಗಡ ನಡುಗಡ್ಡೆಯಲ್ಲಿ ನರಸಿಂಹನ ಜಾತ್ರೆ. ದೋಣಿಯ ಹೊರತು ಅಲ್ಲಿಗೆ ದಾರಿಯಿಲ್ಲ. ದರ್ಶನ ಮುಗಿಸಿ ಮರಳುತ್ತಿದ್ದ ಕಿಕ್ಕಿರಿದ ದೋಣಿಯೊಂದು ಮಗುಚಿ 16 ಜನ ಸತ್ತರು. ಅವರಲ್ಲಿ ನಮ್ಮ ನೆರೆಯ ಹಾವೇರಿ ಜಿಲ್ಲೆಯವರೂ ಇದ್ದರು, ಮಕ್ಕಳೂ ಇದ್ದರು. ಉಳಿದವರನ್ನು ಅಕ್ಕಪಕ್ಕದ ದೋಣಿಗಳವರು ಮೇಲೆಳೆದುಕೊಂಡರು.

ವಿಧಿ ಎಂದರು ಕೆಲವರು. ನನಗೆ ಹಾಗನಿಸುವುದಿಲ್ಲ. ಭಾರ ಹೆಚ್ಚಿದಷ್ಟೂ ದೋಣಿಯ ಅಂಚು ನೀರಿಗೆ ಇಳಿಯುತ್ತದೆ. ಅಲೆಗೆ ಹೆದರಿ ಎಲ್ಲರೂ ಎದ್ದು ಒಂದೇ ಬದಿಗೆ ಸರಿದರೆ ಮುಗಿಯಿತು. ಮಗುಚಿದ ಕಟ್ಟಿಗೆಯ ದೋಣಿ ಸಾಮಾನ್ಯವಾಗಿ ತೇಲುತ್ತಲೇ ಇರುತ್ತದೆ. ಅದನ್ನೇ ಹಿಡಿದುಕೊಂಡಿರಬೇಕು, ದಂಡೆ ಸಮೀಪ ಕಂಡಿತೆಂದು ಈಜಹೊರಡಬಾರದು. ಲೈಫ್ ಜಾಕೆಟ್ಟಿನ ಪಟ್ಟಿಯನ್ನು ದಂಡೆಯಲ್ಲೇ ಬಿಗಿದುಕೊಳ್ಳಬೇಕು. ನೀರಿಗೆ ಬಿದ್ದ ಮೇಲೆ ಯಾರಿಗೂ ಅದನ್ನು ತೊಡಲು ಪುರಸೊತ್ತಿರುವುದಿಲ್ಲ.

ಹಿಂದೊಮ್ಮೆ ಶಾಲೆಯ ಹುಡುಗಿಯರನ್ನು ಪ್ರವಾಸಕ್ಕೆ ಕರೆದೊಯ್ದಿದ್ದೆ. ದೋಣಿಯವ, "ಇನ್ನೂ ಐದ ಮಂದಿ ಹಿಡೀತಾರ, ಅಕ್ಕೋರ" ಎಂದ. ಬೇಡ ಎನ್ನಲು ಸಂಕೋಚವಾಗಿ ಹೂಂ ಎಂದೆ. ಅಂದು ಏನೂ ಆಗಲಿಲ್ಲ. ಆದರೂ ಕೂರ್ಮಗಡದ ಸುದ್ದಿ ಓದಿದ ರಾತ್ರಿ, ಆ ಐವರ ಹೆಸರನ್ನು ಹಾಜರಿ ಕರೆದಂತೆ ಒಂದೊಂದಾಗಿ ಕರೆಯುತ್ತ ಎಚ್ಚರವಿದ್ದೆ.