ಕಳ್ಳನಿಗಲ್ಲ, ಕೊಳ್ಳುವವನಿಗೆ

ದನಕ್ಕೆ ಗುರುತಿನ ಬರೆ ಎಳೆದ ರೈತ, ಅದನ್ನು ಕಂಡು ಕಳ್ಳ ಬೆದರುತ್ತಾನೆಂದು ಎಂದೂ ನಂಬಿದವನಲ್ಲ. ಕತ್ತಲಲ್ಲಿ ಕಣ್ಣಿ ಬಿಚ್ಚುವವನಿಗೆ ಬರೆ ಕಾಣುವುದೂ ಇಲ್ಲ. ಅದು ಕಾಣಬೇಕಾದದ್ದು ಮುಂದಿನ ಸಂತೆಯಲ್ಲಿ, ಹಲ್ಲು ನೋಡಿ, ಟವೆಲ್ಲಿನಡಿ ಬೆರಳು ಹಿಡಿದು ದರ ಕುದುರಿಸುವವನಿಗೆ. ಮೋಟಾರು ವಾಹನದ ಗುರುತಿನ ಚರಿತ್ರೆ ಓದುವಾಗಲೂ ಈ ಸಂತೆಯನ್ನು ಮರೆಯಬಾರದು. ರಸ್ತೆಯಲ್ಲಿ ಎಲ್ಲರ ಕಣ್ಣಿಗೆ ಬೀಳುವ ನಂಬರ್ ಪ್ಲೇಟು ಕಳ್ಳತನ ತಡೆಯಲೆಂದು ಹುಟ್ಟಿದ್ದಲ್ಲ. 1893ರಲ್ಲಿ ಪ್ಯಾರಿಸ್ ಪೊಲೀಸರು ಮಾಲೀಕನ ಹೆಸರು, ವಿಳಾಸ, ನಂಬರು ಇರುವ ಲೋಹದ ಫಲಕ ಕಡ್ಡಾಯ ಮಾಡಿದರು. ಬ್ರಿಟನ್ನಿನ 1903ರ ಕಾಯ್ದೆ 1904ರ ಜನವರಿ 1ರಿಂದ ಜಾರಿಗೆ ಬಂತು. ಎರಡೂ ಕಡೆ ಸರ್ಕಾರಕ್ಕೆ ಬೇಕಿದ್ದದ್ದು ಗುದ್ದಿ ಓಡಿಹೋಗುವ ಚಾಲಕನ ಸುಳಿವು. ಅಂದರೆ ಪ್ಲೇಟು ಹಿಡಿದುಕೊಡುವುದು ಸವಾರನನ್ನು, ಸರಕನ್ನಲ್ಲ. ಈ ಎರಡು ಕೆಲಸಗಳನ್ನು ಒಂದೇ ಎಂದು ಭಾವಿಸಿದ್ದರಿಂದ ಆದ ಗೊಂದಲ ಇವತ್ತಿಗೂ ಬಗೆಹರಿದಿಲ್ಲ.

ಸರಕಿನ ಗುರುತು ತುರ್ತಾದದ್ದು ಅಮೆರಿಕದಲ್ಲಿ. ಹಸುವಿಗೆ ಒಂದು ಮುಖವಿದೆ, ಕೊಂಬಿನ ತಿರುವಿದೆ. ನೂರರ ನಡುವೆಯೂ ಒಡೆಯ ತನ್ನದನ್ನು ಗುರುತಿಸಬಲ್ಲ. ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರಿಗೆ ಅಂಥ ಮುಖವೇ ಇರಲಿಲ್ಲ. 1914ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬಣ್ಣವೂ ಒಂದೇ, ಕಪ್ಪು. ಒಂದೇ ಅಚ್ಚಿನ ಲಕ್ಷಗಟ್ಟಲೆ ವಸ್ತುಗಳಲ್ಲಿ ಯಾವುದು ಯಾರದು ಎಂದು ಹೇಳಲು ಉಳಿದದ್ದು ಎಂಜಿನ್ ಮೇಲೆ ಕೊರೆದ ಸಂಖ್ಯೆ ಮಾತ್ರ. ಎಂಜಿನ್ ಬದಲಾಯಿಸಿದರೆ ಕಾರಿಗೆ ಮರುಜನ್ಮ. ಕದ್ದ ಕಾರನ್ನು ರಾಜ್ಯದ ಗಡಿ ದಾಟಿಸುವುದು 1919ರ ಡೈಯರ್ ಕಾಯ್ದೆಯಿಂದ ಫೆಡರಲ್ ಅಪರಾಧವಾಯಿತು, ಸರಿ. ಆದರೆ ಕಾರು ಕದ್ದದ್ದೇ ಎಂದು ತೋರಿಸುವುದು ಹೇಗೆ? ಅಲ್ಲಿನ ಕಂಪನಿಗಳು ಇಡೀ ವಾಹನಕ್ಕೆ ಒಂದು ಸಂಖ್ಯೆ ಕೊಡುವ ಪದ್ಧತಿಗೆ ಬಂದದ್ದು 1954ರ ಹೊತ್ತಿಗೆ, ಅದೂ ತಮತಮಗೆ ತೋಚಿದಂತೆ. 17 ಅಕ್ಷರ-ಅಂಕಿಗಳ ಏಕರೂಪದ ಸಂಖ್ಯೆ ಕಡ್ಡಾಯವಾದದ್ದು 1981ರಲ್ಲಿ. ಒಂದು, ಸೊನ್ನೆಗಳ ಜೊತೆ ಗೊಂದಲವಾಗದಿರಲೆಂದು ಅದರಲ್ಲಿ ಐ, ಓ, ಕ್ಯೂ ಅಕ್ಷರಗಳಿಲ್ಲ. ಒಂಬತ್ತನೆಯ ಸ್ಥಾನದಲ್ಲಿರುವುದು ಉಳಿದವುಗಳಿಂದ ಲೆಕ್ಕ ಹಾಕಿ ಪಡೆದ ತಾಳೆಯ ಅಂಕಿ. ಯಾರಾದರೂ 3ನ್ನು 8 ಎಂದು ತಿದ್ದಿದರೆ ಲೆಕ್ಕ ತಪ್ಪಿ ಮೋಸ ಬಯಲಾಗುತ್ತದೆ. ನಮ್ಮ ಮಾರುತಿ ಕಾರುಗಳ ಚಾಸಿ ನಂಬರ್ ಎಂಎ3 ಎಂದು ಶುರುವಾಗುವುದು ಈ ಜಾಗತಿಕ ವರ್ಣಮಾಲೆಯಿಂದಲೇ.

ಗುರುತು ಗಟ್ಟಿಯಾದಷ್ಟೂ ಕಳ್ಳನ ಕಣ್ಣು ಗುರುತಿನ ಮೇಲೆಯೇ ಬಿತ್ತು. ಗ್ರೈಂಡರ್ ಹಿಡಿದು ಉಜ್ಜುವುದು ಮೊದಲ ಉಪಾಯ. ಆದರೆ ಅಂಕಿಯನ್ನು ಪಂಚ್ ಮಾಡುವಾಗ ಮೇಲ್ಮೈಯಷ್ಟೇ ಅಲ್ಲ, ಅದರ ಕೆಳಗಿನ ಲೋಹದ ಹರಳುಗಳೂ ನಲುಗಿರುತ್ತವೆ. ಉಜ್ಜಿದ ಜಾಗಕ್ಕೆ ತಕ್ಕ ಆಮ್ಲದ್ರಾವಣ ಸವರಿದರೆ ನಲುಗಿದ ಭಾಗ ಬೇರೆ ವೇಗದಲ್ಲಿ ಕರಗಿ ಅಳಿಸಿದ ಅಂಕಿ ಮಸುಕಾಗಿ ಮೇಲೇಳುತ್ತದೆ; ವಿಧಿವಿಜ್ಞಾನ ಪ್ರಯೋಗಾಲಯಗಳಿಗೆ ಇದು ಹಳೆಯ ವಿದ್ಯೆ. ಎರಡನೆಯ ಉಪಾಯ ಇನ್ನೂ ಜಾಣತನದ್ದು. ಅಪಘಾತದಲ್ಲಿ ನಜ್ಜುಗುಜ್ಜಾದ ವಾಹನವನ್ನು ದಾಖಲೆ ಸಮೇತ ಕೊಂಡು, ಅದರ ಸಂಖ್ಯೆಯನ್ನು ಅದೇ ಮಾದರಿಯ ಕದ್ದ ವಾಹನಕ್ಕೆ ಹಾಕುವುದು. ಆಗ ಸಂಖ್ಯೆ ಅಸಲಿ, ಆರ್‌ಸಿ ಅಸಲಿ, ವಾಹನ ಮಾತ್ರ ಕದ್ದದ್ದು. ಮೂರನೆಯದಕ್ಕೆ ಸಂಖ್ಯೆಯ ಗೊಡವೆಯೇ ಬೇಡ: ಬಿಚ್ಚಿ ಮಾರುವುದು. ಇದಕ್ಕೆ ಉತ್ತರವಾಗಿ ಅಮೆರಿಕ 1984ರಲ್ಲಿ ಕಾನೂನು ಮಾಡಿ, ಹೆಚ್ಚು ಕಳುವಾಗುವ ಮಾದರಿಗಳ ಎಂಜಿನ್, ಗೇರ್‌ಬಾಕ್ಸ್, ಬಾಗಿಲು, ಬಾನೆಟ್, ಬಂಪರ್‌ಗಳ ಮೇಲೂ ವಾಹನದ ಸಂಖ್ಯೆ ಇರಬೇಕೆಂದಿತು. ವಿಚಿತ್ರವೆಂದರೆ, ಉತ್ತಮ ಕಳವುನಿರೋಧಕ ಸಾಧನವನ್ನು ಅಳವಡಿಸಿದ ಮಾದರಿಗೆ ಈ ಗುರುತಿನಿಂದ ವಿನಾಯಿತಿ ಪಡೆಯಲು ಅದೇ ಕಾನೂನು ಅವಕಾಶ ಕೊಟ್ಟಿತು.

ಇಲ್ಲಿಯೇ ಆಕ್ಷೇಪ ಏಳುತ್ತದೆ: ಬೀಗ ಇರುವಾಗ ಗುರುತೇಕೆ? ಆಕ್ಷೇಪ ಹಗುರವಾದದ್ದಲ್ಲ. ಸರಿಯಾದ ಕೀಲಿಯ ಸಂಕೇತ ಸಿಗದೆ ಎಂಜಿನ್ ಚಾಲೂ ಆಗದಂತೆ ಮಾಡುವ ಇಮ್ಮೊಬಿಲೈಸರ್ 1998ರಲ್ಲಿ ಯುರೋಪಿನ ಹೊಸ ಕಾರುಗಳಿಗೆ ಕಡ್ಡಾಯವಾಯಿತು. ಅದರಿಂದ ಕಾರು ಕಳವು ಸರಾಸರಿ ಶೇ 40ರಷ್ಟು ಇಳಿಯಿತೆಂದು ನೆದರ್ಲೆಂಡ್ಸಿನ ಅರ್ಥಶಾಸ್ತ್ರಜ್ಞರಾದ ಫಾನ್ ಔರ್ಸ್ ಮತ್ತು ಫೊಲಾರ್ಡ್ ಅಂದಾಜಿಸಿದ್ದಾರೆ. ಅಮೆರಿಕದಲ್ಲಿ ಈಚೆಗೆ ಇಮ್ಮೊಬಿಲೈಸರ್ ಇಲ್ಲದ ಕಿಯಾ, ಹ್ಯುಂಡೈ ಕಾರುಗಳನ್ನು ಹುಡುಗರು ಸಾಲುಸಾಲಾಗಿ ಕದ್ದರು. ಅವುಗಳಲ್ಲಿ 17 ಅಕ್ಷರ-ಅಂಕಿಗಳ ಸಂಖ್ಯೆ ಇದ್ದೇ ಇತ್ತು, ಯಾವ ಪ್ರಯೋಜನಕ್ಕೂ ಬರಲಿಲ್ಲ. ಮಾರುವ ಉದ್ದೇಶವೇ ಇಲ್ಲದೆ ಒಂದು ಸಂಜೆ ಓಡಿಸಿ ಬಿಸಾಡುವವನಿಗೆ ಸಂತೆಯ ಹಂಗೇನು? ಮೋಜಿನ ಕಳ್ಳನ ಮುಂದೆ ಗುರುತು ಸೋಲುತ್ತದೆ, ಒಪ್ಪೋಣ. ಬೀಗ ಸೋಲುವ ಜಾಗವೂ ಒಂದಿದೆ. ಕೀಲಿ ಕೈಯಲ್ಲಿರುವ ಮಾಲೀಕನ ತಲೆಗೇ ಪಿಸ್ತೂಲು ಹಿಡಿದರೆ ಯಾವ ಇಮ್ಮೊಬಿಲೈಸರ್ ಕಾಪಾಡೀತು?

ದಕ್ಷಿಣ ಆಫ್ರಿಕಾದ ಪಾಡು ಅದೇ ಆಗಿತ್ತು. 1990ರ ದಶಕದಿಂದ ಅಲ್ಲಿ ವರ್ಷಕ್ಕೆ ಸಾವಿರಗಟ್ಟಲೆ ವಾಹನಗಳನ್ನು ಚಾಲಕನನ್ನು ಬೆದರಿಸಿಯೇ ಕಿತ್ತುಕೊಳ್ಳಲಾಗುತ್ತಿತ್ತು. ಕೆಲವು ಗಡಿ ದಾಟುತ್ತಿದ್ದವು, ಕೆಲವು ಬಿಡಿಭಾಗಗಳಾಗುತ್ತಿದ್ದವು. ಜಾನುವಾರಿಗೆ ನೋಂದಾಯಿತ ಬರೆ ಅಥವಾ ಹಚ್ಚೆಯ ಗುರುತು ಇರಲೇಬೇಕೆಂದು 2002ರಲ್ಲಿ ಕಾಯ್ದೆ ಮಾಡಿದ ದೇಶವೂ ಅದೇ ಎಂಬುದು ಇಲ್ಲಿ ನೆನಪಾಗುತ್ತದೆ. 2012ರ ಸೆಪ್ಟೆಂಬರ್ 1ರಿಂದ ಅಲ್ಲಿ ಮೊದಲ ಬಾರಿ ನೋಂದಣಿಯಾಗುವ ವಾಹನಗಳಿಗೆ ಮೈಕ್ರೋಡಾಟ್ ಕಡ್ಡಾಯ. ಸಾಸಿವೆಗಿಂತ ಸಣ್ಣ ಚುಕ್ಕೆಗಳು. ಪ್ರತಿಯೊಂದರಲ್ಲೂ ಆ ವಾಹನದ ಗುರುತಿನ ಸಂಖ್ಯೆ. ಅಂಟಿನಲ್ಲಿ ಕಲಸಿದ ಇಂಥ ಸಾವಿರಾರು ಚುಕ್ಕೆಗಳನ್ನು ವಾಹನದ ಮೂಲೆಮುಡುಕಿಗೆಲ್ಲ ಸಿಂಪಡಿಸುತ್ತಾರೆ. ಅತಿನೇರಳೆ ದೀಪ ಹಿಡಿದರೆ ಅಂಟು ಹೊಳೆಯುತ್ತದೆ, ಭೂತಗನ್ನಡಿಯಲ್ಲಿ ಸಂಖ್ಯೆ ಓದಬಹುದು. ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಗೂಢಚಾರರು ಪತ್ರದ ಪೂರ್ಣವಿರಾಮದಂತೆ ಅಂಟಿಸುತ್ತಿದ್ದ ಚುಕ್ಕೆಯ ವಂಶ ಇದು. ಗೂಢಚಾರನಿಗೆ ಚುಕ್ಕೆ ಯಾರಿಗೂ ಸಿಗಬಾರದಿತ್ತು. ಇಲ್ಲಿ ಎಲ್ಲವನ್ನೂ ಕೆರೆದು ತೆಗೆಯಲು ಕಳ್ಳನಿಗೆ ಆಗಬಾರದು, ಒಂದೇ ಒಂದು ಪೊಲೀಸರಿಗೆ ಸಿಕ್ಕರೆ ಸಾಕು. ಇದೂ ಒಂದು ಬಗೆಯ ಬೇಹುಗಾರಿಕೆ ಎನ್ನುವವರಿದ್ದಾರೆ. ಚುಕ್ಕೆ ಯಾವ ಅಲೆಯನ್ನೂ ಹೊಮ್ಮಿಸುವುದಿಲ್ಲ, ವಾಹನ ಎಲ್ಲಿದೆಯೆಂದು ಯಾರಿಗೂ ಹೇಳುವುದಿಲ್ಲ. ಆ ಭಯಕ್ಕೆ ನಮ್ಮ ಜೇಬಿನ ಮೊಬೈಲೇ ಹೆಚ್ಚು ಯೋಗ್ಯ.

ಭಾರತ ಹಿಡಿದದ್ದು ಪ್ಲೇಟಿನ ದಾರಿ. ಅತಿಸುರಕ್ಷಿತ ನೋಂದಣಿ ಫಲಕದ ನಿಯಮ ಬಂದದ್ದು 2001ರಲ್ಲಿ. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹೊಸ ವಾಹನಗಳಿಗೆ ತಯಾರಕರೇ ಅದನ್ನು ಒದಗಿಸಬೇಕಾದದ್ದು 2019ರ ಏಪ್ರಿಲ್ 1ರಿಂದ. ಅದಕ್ಕೂ ಹಿಂದಿನ ವಾಹನಗಳಿಗೆ ಕರ್ನಾಟಕ 2023ರ ಆಗಸ್ಟ್‌ನಲ್ಲಿ ಆದೇಶ ಹೊರಡಿಸಿ, ನವೆಂಬರ್ 17ರ ಗಡುವು ಕೊಟ್ಟು, ಆಮೇಲೆ ಅದನ್ನು ಮತ್ತೆ ಮತ್ತೆ ಮುಂದೂಡಿತು. ಅಶೋಕ ಚಕ್ರದ ಹಾಲೊಗ್ರಾಂ, ಲೇಸರ್ ಸಂಖ್ಯೆ, ಬಿಚ್ಚಿದರೆ ಮುರಿಯುವ ಕೊಂಡಿ ಎಲ್ಲ ಇವೆ. ನಕಲಿ ಪ್ಲೇಟು ಹಾಕಿ ಓಡಾಡುವವನಿಗೆ ಇದು ತೊಡಕೇ. ಆದರೆ ಇಷ್ಟೆಲ್ಲ ಭದ್ರತೆ ಇರುವುದು ತಗಡಿಗೆ. ಗುಜರಿಗೆ ಹೋಗುವ ವಾಹನದಿಂದ ಮೊದಲು ಕಳಚುವುದೇ ಆ ತಗಡು. ಕದ್ದ ವಾಹನಗಳ ಬಿಡಿಭಾಗಕ್ಕೆ ಉತ್ತರ ಭಾರತದಲ್ಲೆಲ್ಲ ಕುಖ್ಯಾತವಾಗಿದ್ದ ಮೀರತ್‌ನ ಸೋತಿಗಂಜ್ ಮಾರುಕಟ್ಟೆಯನ್ನು 2021ರ ಡಿಸೆಂಬರ್‌ನಲ್ಲಿ ಮುಚ್ಚಿಸಿದ್ದು ಪ್ಲೇಟಲ್ಲ, ಅಂಗಡಿಗಳ ಬಾಗಿಲಿಗೇ ಹೋದ ಪೊಲೀಸರು. ಮೈಕ್ರೋಡಾಟ್ ಅಂಟಿಸುವುದಾದರೆ ಅದು ವಾಹನೋದ್ಯಮದ ಎಐಎಸ್ 155 ಮಾನಕದಂತೆ ಇರಬೇಕೆಂಬ ಕರಡನ್ನು ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ಪ್ರಕಟಿಸಿತು. ಚುಕ್ಕೆ ಅಂಟಿಸುವುದು ಕಾರ್ಖಾನೆಯ ಕೆಲಸ, ಕಷ್ಟವೇನಲ್ಲ. ಅತಿನೇರಳೆ ದೀಪ, ಭೂತಗನ್ನಡಿ ಹಿಡಿದು ಗುಜರಿ ಅಂಗಡಿಯೊಳಗೆ ಕಾಲಿಡಬೇಕಾದ ಪೇದೆ ಮಾತ್ರ ಯಾವ ಮಾನಕದಲ್ಲೂ ಬರುವುದಿಲ್ಲ.