ಬೋನಾಳದ ಏರಿಯ ಮೇಲೆ ಮೂರು ಕಾದಂಬರಿಗಳು

ಪ್ರವಾಸಕ್ಕೆ ಹೊರಡುವಾಗ ಅಗತ್ಯಕ್ಕಿಂತ ಹೆಚ್ಚು ಪುಸ್ತಕಗಳನ್ನು ಚೀಲಕ್ಕೆ ತುರುಕುವುದು ನನ್ನ ಹಳೆಯ ಚಟ. ಕಳೆದ ಚಳಿಗಾಲದಲ್ಲಿ ಸುರಪುರದ ನೆಂಟರ ಮನೆಗೆ ಹೋದಾಗಲೂ ಹಾಗೆಯೇ ಆಯಿತು. ಕುಂ. ವೀರಭದ್ರಪ್ಪನವರ ‘ಅರಮನೆ’, ವಸುಧೇಂದ್ರರ ‘ತೇಜೋ ತುಂಗಭದ್ರಾ’, ಗೀತಾ ನಾಗಭೂಷಣ ಅವರ ‘ಬದುಕು’ - ಮೂರೂ ತೂಕದ ಕೃತಿಗಳು. ತೂಕವೆಂಬ ಮಾತನ್ನು ಎರಡೂ ಅರ್ಥದಲ್ಲಿ ಹೇಳುತ್ತಿದ್ದೇನೆ. ಅವುಗಳ ಬಹುಭಾಗವನ್ನು ನಾನು ಓದಿದ್ದು ಬೋನಾಳದ ಕೆರೆಯ ಏರಿಯ ಮೇಲೆ ಕುಳಿತು.

ಬೋನಾಳ ಸುರಪುರದ ನೆರೆಯ ಹಳ್ಳಿ. ನೂರಾರು ಎಕರೆ ಹರಡಿಕೊಂಡಿರುವ ಅದರ ಕೆರೆ ಇಂದು ಪಕ್ಷಿಧಾಮ. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುತ್ತವೆ. ದನ ಕಾಯುತ್ತಿದ್ದ ಹಿರಿಯನೊಬ್ಬನನ್ನು, “ಈ ಕೆರೆ ಕಟ್ಟಿಸಿದವರು ಯಾರು ಯಜಮಾನರೆ?” ಎಂದು ಕೇಳಿದೆ. “ನಮ್ಮ ರಾಜಾರು ಕಟ್ಟಿಸ್ಯಾರ್ರೀ. ಟೇಲರ್ ಸಾಹೇಬ ದೊಡ್ದು ಮಾಡ್ಸ್ಯಾನಂತಾರ. ಮಣ್ಣ ಹೊತ್ತಾವ್ರು ಮಾತ್ರ ನಮ್ಮ ಮಂದಿ” ಎಂದು ಅವನು ದನಗಳ ಹಿಂದೆ ಹೊರಟುಹೋದನು. ಆ ಮೂರು ವಾಕ್ಯಗಳು ನನ್ನ ಓದಿನ ಉದ್ದಕ್ಕೂ ಜೊತೆಗಿದ್ದವು.

ಟೇಲರ್ ಸಾಹೇಬನೆಂದರೆ ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿಹರೆಯದಲ್ಲಿಯೇ ಮುಂಬಯಿಗೆ ಬಂದು, ನಿಜಾಮನ ಸೇವೆಗೆ ಸೇರಿದವನು. ವಾಚಕರಲ್ಲಿ ಕೆಲವರಾದರೂ ಇವನನ್ನು ಠಕ್ಕರ ಕಥೆ ಬರೆದ ಕಾದಂಬರಿಕಾರನೆಂದು ಬಲ್ಲರು. ‘ಕನ್ಫೆಷನ್ಸ್ ಆಫ್ ಎ ಥಗ್’ 1839ರಲ್ಲಿ ಹೊರಬಂದು ಇಂಗ್ಲೆಂಡಿನಲ್ಲಿ ಮನೆಮಾತಾಯಿತು. ಎರಡು ವರ್ಷಗಳಲ್ಲೇ, 1841ರಲ್ಲಿ, ಟೇಲರನು ಸುರಪುರ ಸಂಸ್ಥಾನಕ್ಕೆ ಬಂದನು. ಬೇಡ ನಾಯಕರ ಆ ಸಂಸ್ಥಾನದಲ್ಲಿ ಆಗ ಸಾಲ, ಒಳಜಗಳ. ಮುಂದೆ ಪಟ್ಟಕ್ಕೆ ಬಂದ ವೆಂಕಟಪ್ಪ ನಾಯಕನು ಇನ್ನೂ ಬಾಲಕ. 1853ರವರೆಗೆ ಟೇಲರನು ಆಡಳಿತ ನಡೆಸಿದನು. ಲೆಕ್ಕಪತ್ರ ಸರಿಪಡಿಸಿದನು, ರಸ್ತೆ ಕೆರೆಗಳ ಕೆಲಸ ಮಾಡಿಸಿದನು, ಹತ್ತಿರದ ರಾಜನಕೋಳೂರಿನ ಶಿಲಾಸಮಾಧಿಗಳನ್ನೂ ಬಿಡದೆ ಬರೆದಿಟ್ಟನು. ಸುರಪುರದ ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆಗೆ ಇಂದಿಗೂ ಟೇಲರ್ ಮಂಜಿಲ್ ಎಂದೇ ಹೆಸರು.

ಬಾಲಕ ರಾಜನು ಈ ಪರದೇಶಿಯನ್ನು ‘ಅಪ್ಪ’ ಎಂದು ಕರೆಯುತ್ತಿದ್ದನು. ಮುಂದಿನ ಕಥೆ ಕರುಣಾಜನಕವಾದದ್ದು. 1857ರ ದಂಗೆಯ ಗಾಳಿ ದಕ್ಷಿಣಕ್ಕೂ ಬೀಸಿತು. 1858ರ ಫೆಬ್ರವರಿಯಲ್ಲಿ ಸುರಪುರದಲ್ಲಿ ಕಾದಾಟವಾಗಿ, ನ್ಯೂಬೆರಿ ಎಂಬ ಆಂಗ್ಲ ಕ್ಯಾಪ್ಟನನು ಮಡಿದನು. ತರುಣ ರಾಜನು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕನು. ಅಲ್ಲಿಯ ಬಂದೀಖಾನೆಯಲ್ಲಿ ಟೇಲರನು ಅವನನ್ನು ಕಂಡನು. ಮರಣದಂಡನೆಯ ತೀರ್ಪು ಸೆರೆವಾಸಕ್ಕೆ ಇಳಿಯಿತು. ಆದರೆ ಸೆರೆಯತ್ತ ಸಾಗಿಸುತ್ತಿದ್ದ ದಾರಿಯಲ್ಲಿಯೇ ಪಿಸ್ತೂಲಿನ ಗುಂಡು ತಗುಲಿ ರಾಜನು ಸತ್ತನು. ವಯಸ್ಸು ಇಪ್ಪತ್ತನಾಲ್ಕರ ಆಸುಪಾಸು. 1860ರಲ್ಲಿ ಸಂಸ್ಥಾನವು ನಿಜಾಮನ ಪಾಲಾಯಿತು.

ಇಂತಹ ವಸ್ತು ಕಾದಂಬರಿಕಾರನ ಮನೆಯಂಗಳದಲ್ಲಿಯೇ ಬಿದ್ದಿತ್ತು. ಅವನು ಬರೆದನೆ? ಇಲ್ಲಿಯೇ ಸೋಜಿಗ. ಟೇಲರನು ಭಾರತದ ಇತಿಹಾಸವನ್ನು ನೂರು ವರ್ಷಗಳ ಅಂತರದಲ್ಲಿ ಹಿಡಿಯುವ ಮೂರು ಕಾದಂಬರಿಗಳನ್ನು ರಚಿಸಿದನು. 1863ರ ‘ತಾರಾ’ದಲ್ಲಿ 1657ರ ಬಿಜಾಪುರ ಮತ್ತು ಮರಾಠರ ಕಾಲ, 1865ರ ‘ರಾಲ್ಫ್ ಡಾರ್ನೆಲ್’ನಲ್ಲಿ 1757ರ ಪ್ಲಾಸಿ, 1872ರ ‘ಸೀತಾ’ದಲ್ಲಿ 1857ರ ದಂಗೆ. ಆದರೆ ‘ಸೀತಾ’ ನಡೆಯುವುದು ಸುರಪುರದಲ್ಲಲ್ಲ. ಉತ್ತರದ ಒಂದು ಕಲ್ಪಿತ ಊರಿನಲ್ಲಿ. ತಾನು ಸಾಕಿದ ಹುಡುಗನ ಕಥೆಯನ್ನು ಅವನು ಆತ್ಮಕಥೆಗೆ ಮೀಸಲಿಟ್ಟನು. ಅದು ಅಚ್ಚಾದದ್ದು ಅವನು ತೀರಿಕೊಂಡ ಮರುವರ್ಷ, 1877ರಲ್ಲಿ. ಮಮತೆಯಿಂದಲೇ ಬರೆದಿದ್ದಾನೆ, ಸಂದೇಹವಿಲ್ಲ. ಆದರೆ ಆತ್ಮಕಥೆಯಲ್ಲಿ ಮಾತನಾಡುವವನು ‘ಅಪ್ಪ’ ಒಬ್ಬನೇ. ಮಗನ ಒಳಗೇನಿತ್ತು? ಸಲಹಿದ ಕೈಗೂ ತನ್ನ ನಾಡನ್ನು ಹಿಡಿದ ಕೈಗೂ ನಂಟಿದೆಯೆಂದು ಅವನಿಗೆ ಅರಿವಾದ ಗಳಿಗೆ ಯಾವುದು? ಅದಕ್ಕೆ ಆತ್ಮಕಥೆಯಲ್ಲಿ ಎಡೆಯಿಲ್ಲ. ಬಹುಶಃ ಅದನ್ನು ಕಾದಂಬರಿ ಮಾಡಿದ್ದರೆ ಆ ಹುಡುಗನ ಬಾಯಿಂದಲೂ ಮಾತಾಡಿಸಬೇಕಾಗುತ್ತಿತ್ತು. ಆ ಮಾತನ್ನು ಕೇಳುವ ಧೈರ್ಯ ಸಾಹೇಬನಿಗೆ ಸಾಲದೆ ಹೋಯಿತೇನೋ. ಇದು ನನ್ನ ಊಹೆ ಮಾತ್ರ.

ಈ ಊಹೆಯನ್ನು ತಲೆಯಲ್ಲಿಟ್ಟುಕೊಂಡು ‘ಅರಮನೆ’ಯನ್ನು ತೆರೆದೆ. 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಈ ಕಾದಂಬರಿಯಲ್ಲಿಯೂ ಒಬ್ಬ ಸಾಹೇಬನಿದ್ದಾನೆ: ಬಳ್ಳಾರಿ ಸೀಮೆಯ ಕಲೆಕ್ಟರನಾಗಿದ್ದ ಥಾಮಸ್ ಮನ್ರೊ. ಅತ್ತ ಕಳೆಗುಂದಿದ ಪಾಳೆಯಗಾರರ ಅರಮನೆ, ಇತ್ತ ಕಂಪನಿಯ ಕಚೇರಿ. ನಡುವೆ ದೈವ, ಜಾತ್ರೆ, ಹಸಿವು ಮತ್ತು ಹರಟೆಯ ಮಹಾಪೂರ. ಮೊದಲ ಐವತ್ತು ಪುಟಗಳು ನನ್ನನ್ನು ಬಹಳ ಕಾಡಿಸಿದವೆಂದು ಒಪ್ಪಿಕೊಳ್ಳಲೇಬೇಕು. ವಾಕ್ಯ ಎಲ್ಲಿ ಮೊದಲಾಗಿ ಎಲ್ಲಿ ಮುಗಿಯಿತೆಂದು ತಿಳಿಯದು. ಕೊನೆಗೆ ಏರಿಯ ಮೇಲೆ ಯಾರೂ ಇಲ್ಲದ ವೇಳೆ ಗಟ್ಟಿಯಾಗಿ ಓದತೊಡಗಿದೆ. ಗಂಟು ತಾನಾಗಿ ಬಿಚ್ಚಿತು! ಅದು ಕಣ್ಣಿಗಾಗಿ ಬರೆದದ್ದಲ್ಲ, ಕಿವಿಗಾಗಿ ಬರೆದದ್ದು. ಮನ್ರೊನನ್ನು ದೇವರೆಂದು ನಂಬಿ ಮಕ್ಕಳಿಗೆ ಅವನ ಹೆಸರಿಟ್ಟ ಜನ ರಾಯಲಸೀಮೆಯಲ್ಲಿದ್ದರು. ಅಂಥ ಜನರ ನಾಲಗೆಯ ಮೇಲೆ ದೊಡ್ಡ ಅಧಿಕಾರಿಯೂ ಕಥೆಯ ಒಂದು ಪಾತ್ರವಾಗಿ ಉಳಿಯುತ್ತಾನೆ. ಟೇಲರನು ಬಂಗಲೆಯಿಂದ ಊರನ್ನು ನೋಡಿದನು. ಇಲ್ಲಿ ಊರೇ ಬಂಗಲೆಯನ್ನು ನೋಡುತ್ತದೆ.

‘ತೇಜೋ ತುಂಗಭದ್ರಾ’ದ ದಾರಿ ಬೇರೆ. 2019ರಲ್ಲಿ ಪ್ರಕಟವಾದ ಈ ಕೃತಿ ಲಿಸ್ಬನ್ನಿನ ತೇಜೋ ನದಿಯನ್ನೂ ನಮ್ಮ ತುಂಗಭದ್ರೆಯನ್ನೂ ಒಂದೇ ಕಥೆಯಲ್ಲಿ ಹರಿಸುತ್ತದೆ. ಆ ದಂಡೆಯಲ್ಲಿ ಗೇಬ್ರಿಯಲ್ ಮತ್ತು ಯಹೂದಿ ಕನ್ಯೆ ಬೆಲ್ಲಾ. ಈ ದಂಡೆಯಲ್ಲಿ ಕೇಶವ, ಹಂಪಮ್ಮ. ವಿಜಯನಗರವೆಂದರೆ ಮುತ್ತು ರತ್ನಗಳನ್ನು ಬೀದಿಯಲ್ಲಿ ಅಳೆದ ವೈಭವವೆಂದು ಶಾಲೆಯಲ್ಲಿ ಕಲಿತವರು ನಾವು. ಆ ವೈಭವದ ಬುಡದಲ್ಲಿ ರಾಜನಿಗಾಗಿ ಪ್ರಾಣ ಕೊಡಲು ಹರಕೆ ಹೊತ್ತ ಲೆಂಕರಿದ್ದರು, ಗಂಡನ ಚಿತೆಗೆ ನಡೆಸಲ್ಪಟ್ಟ ಹೆಂಗಸರಿದ್ದರು ಎಂಬುದನ್ನು ಲೇಖಕರು ಕಣ್ಣಿಗೆ ಕಟ್ಟುವಂತೆ ಚಿತ್ರಿಸಿದ್ದಾರೆ. ಮಾಸ್ತಿಕಲ್ಲುಗಳ ಮುಂದೆ ಎಷ್ಟೋ ಸಲ ಹಾದುಹೋಗಿದ್ದೇನೆ. ಇನ್ನು ಮುಂದೆ ಹಾಗೆ ಸುಮ್ಮನೆ ಹಾದುಹೋಗಲಾರೆ. ಒಂದು ಆಕ್ಷೇಪವನ್ನೂ ಹೇಳಬೇಕು. ಅಲ್ಲಲ್ಲಿ ಮಾಹಿತಿಯ ಭಾರ ಹೆಚ್ಚಾಗಿ, ಕಥೆಗಾರರ ಕೈಯಲ್ಲಿ ಮೇಷ್ಟರ ಬೆತ್ತ ಕಾಣಿಸಿಕೊಳ್ಳುತ್ತದೆ. ಆದರೂ ಕಥೆಯ ಸೆಳವು ಬಲವಾಗಿರುವುದರಿಂದ ಓದುಗನು ಅದನ್ನು ಮನ್ನಿಸಿ ಮುಂದೆ ಸಾಗುತ್ತಾನೆ.

‘ಬದುಕು’ ಐತಿಹಾಸಿಕ ಕಾದಂಬರಿಯಲ್ಲ. ಅದರಲ್ಲಿ ರಾಜರಿಲ್ಲ, ಸಾಹೇಬರಿಲ್ಲ. ಕಲಬುರಗಿ ಸೀಮೆಯ ಕೆಳಸ್ತರದ ಜನರ, ಅದರಲ್ಲಿಯೂ ಹೆಂಗಸರ ಬಾಳು ಆ ಸೀಮೆಯ ಮಾತಿನಲ್ಲಿಯೇ ಬಂದಿದೆ. ಗೀತಾ ನಾಗಭೂಷಣ ಅವರಿಗೆ 2004ರಲ್ಲಿ ಕೇಂದ್ರ ಅಕಾಡೆಮಿಯ ಪ್ರಶಸ್ತಿಯನ್ನು ತಂದ ಈ ಕಾದಂಬರಿಯನ್ನು ನಾನು ಓದಿದ್ದು ತಡವಾಗಿ. ಆ ನಾಚಿಕೆ ನನಗಿದೆ. ಬೆಂಗಳೂರು ಮೈಸೂರುಗಳ ಓದುಗರಾದ ನಾವು ಆ ಮಾತನ್ನು ಬಹುಕಾಲ ನಾಟಕದ ವಿನೋದಕ್ಕೆ ಮಾತ್ರ ತಕ್ಕುದೆಂದು ಬಗೆದೆವು. ಅದೇ ಮಾತಿನಲ್ಲಿ ಒಬ್ಬ ತಾಯಿ ಅಳುವಾಗ ಓದುಗನ ತುಟಿಯ ಮೇಲಿನ ನಗೆ ಒಣಗುತ್ತದೆ. ನನ್ನ ಮಟ್ಟಿಗೆ ಮೂರರಲ್ಲಿ ಇತಿಹಾಸಕ್ಕೆ ಅತಿ ಹತ್ತಿರವಾದದ್ದು ಇದೇ. ಮಣ್ಣು ಹೊತ್ತವರ ಲೆಕ್ಕವನ್ನು ಇಟ್ಟಿರುವುದು ಈ ಪುಸ್ತಕ.

ಇತಿಹಾಸಕಾರನು ಕಾಗದವಿಲ್ಲದ ಮನೆಯೊಳಕ್ಕೆ ಕಾಲಿಡಲಾರನು, ಇಡಲೂ ಬಾರದು. ಕಾಗದಗಳೋ, ಬರೆಯಬಲ್ಲವರ ಕೈಯಲ್ಲಿದ್ದವು. ಕಾದಂಬರಿಕಾರನಿಗೆ ಆ ಬಾಗಿಲು ತೆರೆದಿದೆ. ಆದರೆ ಹೊಸ್ತಿಲಲ್ಲಿ ಚಪ್ಪಲಿ ಕಳಚಿ ಹೋಗಬೇಕು: ಸತ್ತವರು ಆಡದ ಮಾತನ್ನು ಅವರ ಬಾಯಿಗೆ ತುರುಕುವ ಮೊದಲು ಅವರ ನುಡಿಯನ್ನು ಕಲಿತಿರಬೇಕು. ಟೇಲರನು ಬಾಗಿಲವರೆಗೆ ಬಂದು ನಿಂತನು. ನಮ್ಮ ಈ ಮೂವರು ಒಳಹೊಕ್ಕಿದ್ದಾರೆ. ಒಬ್ಬೊಬ್ಬರು ಒಂದೊಂದು ಕೋಣೆಗೆ.

ನಾನು ಹೊರಡುವ ದಿನ ಸಂಜೆ ಹೆಬ್ಬಾತುಗಳು ಗದ್ದೆಗಳಿಂದ ನೀರಿಗೆ ಮರಳುತ್ತಿದ್ದವು. ದನಗಾಹಿ ಮತ್ತೆ ಕಂಡನು. ನನ್ನ ಕಂಕುಳಲ್ಲಿದ್ದ ಪುಸ್ತಕಗಳನ್ನು ನೋಡಿ, “ಅದ್ರಾಗ ನಮ್ಮೂರಂದು ಅದ ಏನ್ರೀ?” ಎಂದು ಕೇಳಿದನು. ಇಲ್ಲವೆಂದೆ. “ಬರೀಬೇಕ್ರೀ ಯಾರರ” ಎಂದು ದನಗಳನ್ನು ಏರಿಯಿಂದ ಇಳಿಸಿಕೊಂಡು ಹೋದನು.