ಥಂಡಿ ದೇಶದಲ್ಲಿ ಬಾಳೆ ಎಲೆ, ಕಮಲಾಪುರದಲ್ಲಿ ಕೆಂಪು ಬಾಳೆ

ಖಂಡೇನವಮಿ ದಿನ ಕಪನೂರ ಕೈಗಾರಿಕಾ ಪ್ರದೇಶದ ಕಡೆ ಹೋದರೆ ದಾಲ್ ಮಿಲ್ಲಿನ ಬಾಗಿಲಿಗೂ, ಸಾಲಾಗಿ ನಿಂತ ಲಾರಿಗಳ ಮುಂಭಾಗಕ್ಕೂ ಬಾಳೆಕಂಬ ಕಟ್ಟಿರುತ್ತಾರೆ. ಮರುದಿನ ಅವೇ ಕಂಬಗಳು ಗಟಾರದ ಪಕ್ಕ ಬಿದ್ದಿರುತ್ತವೆ, ದನಗಳು ಬಂದು ಎಲೆ ತಿನ್ನುತ್ತವೆ. ನಮಗೆ ಬಾಳೆ ಅಷ್ಟು ಸಲೀಸು. ಬಚ್ಚಲ ನೀರು ಹರಿಯುವ ಕಡೆ ಒಂದು ಮರಿ ನೆಟ್ಟರೆ ಸಾಕು, ತಾನೇ ಹತ್ತು ಮರಿ ಹಾಕಿಕೊಂಡು ವರ್ಷಗಟ್ಟಲೆ ಅಲ್ಲೇ ಇರುತ್ತದೆ.

ಇದೇ ಎಲೆಯನ್ನು ಹಸಿರಾಗಿ ನೋಡಲಿಕ್ಕೆ ಯುರೋಪಿನ ಶ್ರೀಮಂತರು ಗಾಜಿನ ಮನೆ ಕಟ್ಟಿದರು, ಹಗಲು ರಾತ್ರಿ ಕಲ್ಲಿದ್ದಲು ಸುಟ್ಟರು. ಹಣ್ಣಿಗಾಗಿ ಅಲ್ಲ, ಮೊದಮೊದಲು ಎಲೆಯ ಅಂದಕ್ಕಾಗಿಯೇ. ಆ ಶೋಕಿಗೂ ಇವತ್ತು ಕಮಲಾಪುರದ ಹೊಲದಲ್ಲಿ ಯಾವ ತಳಿಯ ಬಾಳೆ ನಿಂತಿದೆ ಎಂಬುದಕ್ಕೂ ಸಂಬಂಧ ಇದೆ. ಅದನ್ನು ಹೇಳಲಿಕ್ಕೇ ಈ ಬರಹ.

ಮೊದಲು ಗಿಡದ ಗುಣ ತಿಳಿಯಬೇಕು. ಬಾಳೆ ಮರ ಎನ್ನುತ್ತೇವೆ, ಆದರೆ ಅದರಲ್ಲಿ ಕಟ್ಟಿಗೆ ಇಲ್ಲ. ಪಟ್ಟೆಯ ಮೇಲೆ ಪಟ್ಟೆ ಸುತ್ತಿಕೊಂಡು ಕಂಬದಂತೆ ಕಾಣುತ್ತದೆ, ಅಷ್ಟೇ. ಒಳಗೆಲ್ಲ ನೀರು. ಸುಮಾರು 14 ಡಿಗ್ರಿಗಿಂತ ಕೆಳಗೆ ಹೋದರೆ ಬೆಳವಣಿಗೆ ನಿಲ್ಲುತ್ತದೆ. ನಮ್ಮಲ್ಲೂ ಪುಷ್ಯ ಮಾಸದ ಥಂಡಿಯಲ್ಲಿ ಹೊಸ ಎಲೆ ನಿಧಾನವಾಗಿ ಬಿಚ್ಚಿಕೊಳ್ಳುವುದನ್ನು ಬಾಳೆ ಹಾಕಿದವರೆಲ್ಲ ನೋಡಿದ್ದಾರೆ. ಸೊನ್ನೆ ಡಿಗ್ರಿಗೆ ಬಂದು ಹಿಮ ಬಿದ್ದರೆ ಒಂದೇ ರಾತ್ರಿಯಲ್ಲಿ ಎಲೆ ಸುಟ್ಟಂತೆ ಕಪ್ಪಾಗುತ್ತದೆ. ಇಂಗ್ಲೆಂಡ್, ಹಾಲೆಂಡ್‌ಗಳಲ್ಲಿ ಅಂಥ ರಾತ್ರಿಗಳು ಪ್ರತಿ ಚಳಿಗಾಲವೂ ಬರುತ್ತವೆ.

ಲಂಡನ್ನಿನ ಜನ ಮೊದಲು ನೋಡಿದ್ದು ಗಿಡವನ್ನಲ್ಲ, ಗೊನೆಯನ್ನು. 1633ರ ಏಪ್ರಿಲ್‌ನಲ್ಲಿ ಸ್ನೋ ಹಿಲ್ ಎಂಬಲ್ಲಿ ಗಿಡಮೂಲಿಕೆ ಅಂಗಡಿ ಇಟ್ಟಿದ್ದ ಥಾಮಸ್ ಜಾನ್ಸನ್ ಬರ್ಮುಡಾ ದ್ವೀಪದಿಂದ ಬಂದ ಒಂದು ಹಸಿ ಗೊನೆಯನ್ನು ಅಂಗಡಿಯಲ್ಲಿ ತೂಗುಹಾಕಿದ. ಮೇ ತಿಂಗಳಲ್ಲಿ ಹಣ್ಣಾಯಿತು, ಜೂನ್‌ವರೆಗೆ ಉಳಿಯಿತು. ಅದೇ ವರ್ಷ ತಾನು ತಿದ್ದಿ ಹೊರತಂದ ಸಸ್ಯಗ್ರಂಥದಲ್ಲಿ ಆತ ಅದರ ಚಿತ್ರವನ್ನೂ ಹಾಕಿಸಿದ. ಗೊನೆಯನ್ನು ಹಡಗಿನಲ್ಲಿ ತರಬಹುದು. ಗಿಡವನ್ನು ಬದುಕಿಸುವುದು ಬೇರೆ ಮಾತು.

ಆ ಕೆಲಸದಲ್ಲಿ ಹೆಸರು ಮಾಡಿದವನು ಕಾರ್ಲ್ ಲಿನೇಯಸ್. ಗಿಡಗಳಿಗೆ ಎರಡು ಪದದ ಲ್ಯಾಟಿನ್ ಹೆಸರು ಇಡುವ ಪದ್ಧತಿಯನ್ನು ಗಟ್ಟಿ ಮಾಡಿದ ಸ್ವೀಡನ್ ದೇಶದ ಪಂಡಿತ. ಹಾಲೆಂಡ್‌ನ ಹಾರ್ಲೆಮ್ ಊರಿನ ಹತ್ತಿರ ಹಾರ್ಟೆಕಾಂಪ್ ಎಂಬ ತೋಟ ಇತ್ತು. ಅದರ ಯಜಮಾನ ಜಾರ್ಜ್ ಕ್ಲಿಫರ್ಡ್ ದೊಡ್ಡ ಸಾಹುಕಾರ, ಡಚ್ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕ. ಅವನ ಬಿಸಿಮನೆಯಲ್ಲಿ ಬಾಳೆ ಇತ್ತು, ಎಲೆ ಬಿಡುತ್ತಿತ್ತು, ಹೂ ಮಾತ್ರ ಬಿಡುತ್ತಿರಲಿಲ್ಲ. ಲಿನೇಯಸ್ ಮತ್ತು ಅಲ್ಲಿಯ ಮಾಲಿ ಸೇರಿ ಒಂದು ಉಪಾಯ ಮಾಡಿದರು. ಫಲವತ್ತಾದ ಮಣ್ಣು ಹಾಕಿದರು, ಕೆಲವು ವಾರ ನೀರೇ ಕೊಡದೆ ಒಣಗಿಸಿದರು, ಆಮೇಲೆ ಒಮ್ಮೆಲೇ ಧಾರಾಳವಾಗಿ ನೀರು ಬಿಟ್ಟರು. ಅಂದರೆ ನಮ್ಮ ಬ್ಯಾಸಿಗೆಯನ್ನೂ ನಮ್ಮ ಮುಂಗಾರನ್ನೂ ಗಾಜಿನೊಳಗೆ ನಾಟಕ ಮಾಡಿ ತೋರಿಸಿದರು. ಗಿಡ ನಂಬಿತು! 1736ರ ಆರಂಭದಲ್ಲಿ ಹೂ ಬಿಟ್ಟಿತು. ಅದೇ ವರ್ಷ ಲಿನೇಯಸ್ ಬಾಳೆಯೊಂದರ ಮೇಲೆಯೇ ಒಂದು ಪುಸ್ತಕ ಬರೆದು ಪ್ರಕಟಿಸಿದ. ಬೈಬಲ್ಲಿನ ಸ್ವರ್ಗದ ತೋಟದಲ್ಲಿ ಆದಾಮ ತಿಂದ ಹಣ್ಣು ಬಾಳೆಯೇ ಇದ್ದೀತು ಎಂಬ ಮಾತು ಆಗ ಇತ್ತು. 1753ರಲ್ಲಿ ಅವನು ಬಾಳೆಗೆ ಇಟ್ಟ ಮೂಸಾ ಪ್ಯಾರಡಿಸಿಯಾಕಾ ಎಂಬ ಹೆಸರಿನಲ್ಲಿ ಆ ಸ್ವರ್ಗದ ವಾಸನೆ ಇನ್ನೂ ಇದೆ.

ಬಿಸಿಮನೆ ಎಂದರೆ ಏನು ಎಂದು ಕೇಳಬಹುದು. ದಕ್ಷಿಣಕ್ಕೆ ಗಾಜು, ಉತ್ತರಕ್ಕೆ ಗೋಡೆ, ಗೋಡೆಯೊಳಗೆ ಹೊಗೆ ಹೋಗುವ ಕೊಳವೆ, ಹೊರಗೆ ಒಲೆ. ಕುಂಡಗಳನ್ನು ಇಡುವ ಗುಂಡಿಗೆ ಚರ್ಮ ಹದ ಮಾಡಿ ಬಿಸಾಕಿದ ಮರದ ತೊಗಟೆಯನ್ನು ತುಂಬುತ್ತಿದ್ದರು. ಅದು ಕೊಳೆಯುವಾಗ ಒಳಗಿಂದ ಬಿಸಿ ಏಳುತ್ತದೆ. ತಿಪ್ಪೆಗುಂಡಿ ಅಗೆದಾಗ ಕೈಗೆ ತಾಗುವ ಬಿಸಿ ಇದೆಯಲ್ಲ, ಅದೇ ತತ್ವ. ರಾತ್ರಿಯೆಲ್ಲ ಒಲೆಗೆ ಉರುವಲು ಹಾಕುವ ಹುಡುಗರು ಇರುತ್ತಿದ್ದರು. ಅವರ ಹೆಸರು ಯಾವ ಪುಸ್ತಕದಲ್ಲೂ ದೊಡ್ಡದಾಗಿ ಬಂದಿಲ್ಲ.

ಈ ಕಥೆಯ ದೊಡ್ಡ ತಿರುವು ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ. ಅಲ್ಲಿ ಚಾಟ್ಸ್‌ವರ್ತ್ ಎಂಬ ಅರಮನೆ, ಅದರ ಒಡೆಯ ಡೆವನ್‌ಶೈರ್‌ನ ಆರನೆಯ ಡ್ಯೂಕ್. ಅವನ ಮನೆತನದ ಹೆಸರು ಕ್ಯಾವೆಂಡಿಷ್. 1826ರಲ್ಲಿ ಅವನು ತನ್ನ ತೋಟಕ್ಕೆ ಮುಖ್ಯ ಮಾಲಿಯಾಗಿ ನೇಮಿಸಿದ್ದು ಇಪ್ಪತ್ತೆರಡರ ಹುಡುಗ ಜೋಸೆಫ್ ಪ್ಯಾಕ್ಸ್‌ಟನ್‌ನನ್ನು. ರೈತನ ಮಗ. ಚೀನಾದಿಂದ ಮಾರಿಷಸ್‌ಗೆ ಬಂದು, ಅಲ್ಲಿಂದ 1829ರ ಸುಮಾರಿಗೆ ಇಂಗ್ಲೆಂಡ್ ಸೇರಿದ್ದ ಒಂದು ಗಿಡ್ಡ ಬಾಳೆಯನ್ನು ಪ್ಯಾಕ್ಸ್‌ಟನ್ ತಂದು ಬಿಸಿಮನೆಯಲ್ಲಿ ನೆಟ್ಟ. 1835ರ ನವೆಂಬರ್‌ನಲ್ಲಿ ಹೂ ಬಿಟ್ಟಿತು. ಮರುವರ್ಷ ಮೇ ಹೊತ್ತಿಗೆ ನೂರಕ್ಕೂ ಹೆಚ್ಚು ಕಾಯಿಯ ಗೊನೆ. ತೋಟಗಾರಿಕೆ ಪ್ರದರ್ಶನದಲ್ಲಿ ಪದಕ ಬಂತು. ಒಡೆಯನ ಮನೆತನದ ಹೆಸರನ್ನೇ ಗಿಡಕ್ಕೆ ಇಟ್ಟರು: ಕ್ಯಾವೆಂಡಿಷ್.

ಆ ಗಿಡ ಏಕೆ ಗೆದ್ದಿತು? ಗಿಡ್ಡ ಇತ್ತು, ಅದಕ್ಕೆ. ಎತ್ತರದ ಬಾಳೆ ಗಾಜಿನ ಸೂರಿಗೆ ತಲೆ ಬಡಿಯುತ್ತಿತ್ತು, ಗೊನೆ ಹಾಕುವ ಮೊದಲೇ ಜಾಗ ಮುಗಿಯುತ್ತಿತ್ತು. ಗಿಡ್ಡದಕ್ಕೆ ಆ ತೊಂದರೆ ಇಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಪ್ಯಾಕ್ಸ್‌ಟನ್ ಅಷ್ಟಕ್ಕೆ ನಿಲ್ಲಲಿಲ್ಲ. 1836ರಿಂದ 1841ರವರೆಗೆ ಸುಮಾರು 277 ಅಡಿ ಉದ್ದ, 123 ಅಡಿ ಅಗಲದ ಮಹಾ ಬಿಸಿಮನೆಯನ್ನೇ ಕಟ್ಟಿಸಿದ. ಒಳಗೆ ಕುದುರೆ ಸಾರೋಟು ಓಡಾಡುವಷ್ಟು ದಾರಿ. ನೆಲದಡಿ ಎಂಟು ಬಾಯ್ಲರ್, ಬಿಸಿನೀರು ಹರಿಯಲು ಏಳು ಮೈಲಿ ಕೊಳವೆ. ಕಲ್ಲಿದ್ದಲು ಅತಿಥಿಗಳ ಕಣ್ಣಿಗೆ ಬೀಳಬಾರದೆಂದು ಅದನ್ನು ಸಾಗಿಸಲು ಸುರಂಗದಲ್ಲಿ ಸಣ್ಣ ರೈಲು. ನನಗೆ ಇದನ್ನು ಓದಿದಾಗ ಬೆರಗಿಗಿಂತ ಸಿಟ್ಟು ಹೆಚ್ಚು ಬಂತು, ಗಣಿಯೊಳಗೆ ಇಳಿದವರು ನೆನಪಾದರು.

ಇದೇ ಅನುಭವದ ಮೇಲೆ ಪ್ಯಾಕ್ಸ್‌ಟನ್ 1851ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಕಟ್ಟಿದ. ಅದರ ಮಾದರಿ ನೋಡಿ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಗಾಜಿನ ಮನೆ ಎದ್ದಿತು, ಜಾನ್ ಕ್ಯಾಮರಾನ್ ಅಲ್ಲಿಯ ಮೇಲ್ವಿಚಾರಕ ಇದ್ದಾಗ, 1889ರ ನವೆಂಬರ್ 30ರಂದು ಅಡಿಗಲ್ಲು. ನಮ್ಮವರು ಅಲ್ಲಿ ಬಾಯ್ಲರ್ ಇಡಲಿಲ್ಲ, ಇಡುವ ಅಗತ್ಯವೂ ಇರಲಿಲ್ಲ. ಫಲಪುಷ್ಪ ಪ್ರದರ್ಶನಕ್ಕೆ ಹೋಗಿ ಅದರ ಮುಂದೆ ಫೋಟೊ ತೆಗೆಸಿಕೊಂಡವರಿಗೆ ಈಗ ಗೊತ್ತಾಯಿತು: ಆ ಆಕಾರ ಹುಟ್ಟಿದ್ದು ಬಿಸಿಲನಾಡಿನ ಗಿಡಗಳನ್ನು ಚಳಿಯಿಂದ ಕಾಯಲು.

ಚಾಟ್ಸ್‌ವರ್ತ್‌ನ ಮಹಾ ಬಿಸಿಮನೆ ಮಾತ್ರ ಉಳಿಯಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಇದ್ದಲೂ ಇಲ್ಲ, ಒಲೆ ಉರಿಸುವ ಆಳೂ ಇಲ್ಲ. ಗಿಡಗಳು ಚಳಿಗೆ ಸತ್ತವು. 1920ರಲ್ಲಿ ಕಟ್ಟಡವನ್ನು ಸಿಡಿಮದ್ದು ಇಟ್ಟು ಕೆಡವಿದರು.

ಇಷ್ಟು ಖರ್ಚು ಎಲ್ಲರಿಂದ ಆಗುವುದಿಲ್ಲವಲ್ಲ. ಸಾಮಾನ್ಯರಿಗೆ ಬಾಳೆ ಎಲೆ ತೋರಿಸಿದವನು ಪ್ಯಾಕ್ಸ್‌ಟನ್ನನ ಶಿಷ್ಯ ಜಾನ್ ಗಿಬ್ಸನ್. 1835ರಲ್ಲಿ ಡ್ಯೂಕ್ ಇವನನ್ನು ಗಿಡ ತರಲು ಭಾರತಕ್ಕೆ ಕಳಿಸಿದ್ದ, ಖಾಸಿ ಬೆಟ್ಟಗಳನ್ನು ಸುತ್ತಿದ್ದ. ಮುಂದೆ ಲಂಡನ್ನಿನ ಬ್ಯಾಟರ್ಸೀ ಪಾರ್ಕಿನ ಮೇಲ್ವಿಚಾರಕನಾಗಿ 1864ರಲ್ಲಿ ಅಲ್ಲಿ ಬಿಸಿಲನಾಡಿನ ಗಿಡಗಳ ತೋಟ ತೆರೆದ. ಗಾಳಿಗೆ ಎಲೆ ಹರಿಯದಂತೆ ಸುತ್ತ ಮಣ್ಣಿನ ದಿಬ್ಬ, ನೀರು ನಿಲ್ಲದಂತೆ ಮಡಿಯ ಕೆಳಗೆ ಇಟ್ಟಿಗೆ ಚೂರು. ಜೂನ್‌ನಲ್ಲಿ ಗಿಡ ಹೊರಗೆ, ಚಳಿ ಶುರುವಾಗುವ ಮೊದಲು ಮತ್ತೆ ಒಳಗೆ. ಕೂಲಿ ಜನ ಭಾನುವಾರ ಬಂದು ಉಚಿತವಾಗಿ ನೋಡುತ್ತಿದ್ದರು. ಅಂಥ ತೋಟಗಳಲ್ಲಿ ಮೆರೆದದ್ದು ಇಥಿಯೋಪಿಯಾದ ಎನ್ಸೆಟೆ, ಬಾಳೆಯ ದೊಡ್ಡಪ್ಪನಂಥ ಗಿಡ. ಲಂಡನ್ನಿಗೆ ಅದು ಅಲಂಕಾರ. ಇಥಿಯೋಪಿಯಾದಲ್ಲಿ ಅದರ ಕಾಂಡ, ಗಡ್ಡೆ ಕೆರೆದು, ಹುಳಿಬರಿಸಿ ರೊಟ್ಟಿ ಸುಡುತ್ತಾರೆ. ಕೋಟಿಗೂ ಹೆಚ್ಚು ಜನರಿಗೆ ಅದು ನಮ್ಮ ಜೋಳ ಇದ್ದ ಹಾಗೆ.

ಬ್ಯಾಟರ್ಸೀ ಇರುವುದು ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ. ಅದೇ ದಂಡೆಯಲ್ಲಿ ಕೆಲವೇ ಕಿಲೋಮೀಟರ್ ಕೆಳಗೆ ಬಂದರೆ ಬಸವಣ್ಣನವರ ಪುತ್ಥಳಿ ಇದೆ. ಲ್ಯಾಂಬೆತ್‌ನ ಮಾಜಿ ಮೇಯರ್, ಕಲಬುರಗಿ ಮೂಲದ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ಬಂದದ್ದು, 2015ರ ನವೆಂಬರ್ 14ರಂದು ಪ್ರಧಾನಿ ಅನಾವರಣ ಮಾಡಿದ್ದು. ನಮ್ಮ ಕಡೆಯ ಜನ ಆ ಊರಲ್ಲಿ ನೆಲೆ ನಿಂತಿದ್ದಾರೆ. ಹಬ್ಬ ಬಂದರೆ ಅವರಿಗೂ ಬಾಳೆ ಎಲೆ ಬೇಕು. ಅಂಗಡಿಯಲ್ಲಿ ವಿಮಾನದಿಂದ ಬಂದ ಎಲೆ ಸಿಗುತ್ತದೆ, ಆದರೆ ಹಿತ್ತಲಲ್ಲೇ ಬೆಳೆಯಬೇಕು ಎಂದರೆ ಅದಕ್ಕೂ ಒಂದು ಜಾತಿ ಇದೆ.

ಅದನ್ನು ಜಪಾನಿನ ಬಾಳೆ ಎನ್ನುತ್ತಾರೆ, ಮೂಲ ದಕ್ಷಿಣ ಚೀನಾ. ಹಣ್ಣು ತಿನ್ನಲು ಬರುವುದಿಲ್ಲ, ಎಲೆಯೇ ಎಲ್ಲ. ಜಪಾನಿನ ಒಬ್ಬ ಕವಿಗೆ 1681ರ ಸುಮಾರಿಗೆ ಶಿಷ್ಯನೊಬ್ಬ ಗುಡಿಸಲ ಮುಂದೆ ಈ ಬಾಳೆ ನೆಟ್ಟುಕೊಟ್ಟ. ಜನ ಆ ಗುಡಿಸಲನ್ನು ಬಾಳೆ ಗುಡಿಸಲು ಎಂದರು, ಕವಿಯೂ ಬಾಳೆಯ ಹೆಸರನ್ನೇ ತನ್ನದಾಗಿ ಮಾಡಿಕೊಂಡ. ಅವನೇ ಬಾಷೋ. ಗಾಳಿಗೆ ಹರಿದುಹೋಗುವ, ಯಾವ ಕೆಲಸಕ್ಕೂ ಬಾರದ ಆ ಎಲೆಯ ಮೇಲೆ ಅವನಿಗೆ ಬಹಳ ಪ್ರೀತಿ.

ಈ ಬಾಳೆಯ ಗಡ್ಡೆ ನೆಲದೊಳಗೆ ಹಿಮವನ್ನೂ ತಾಳಿಕೊಳ್ಳುತ್ತದೆ. ಮಾಡುವ ಕೆಲಸ ಇಷ್ಟು: ಮೊದಲ ಹಿಮಕ್ಕೆ ಎಲೆ ಕಪ್ಪಾದ ಮೇಲೆ ಎಲೆ ಕತ್ತರಿಸಬೇಕು. ಕಂಬದ ಸುತ್ತ ತಂತಿ ಜಾಳಿಗೆ ನಿಲ್ಲಿಸಿ ಒಳಗೆ ಒಣಹುಲ್ಲು ತುಂಬಬೇಕು, ನಮ್ಮಲ್ಲಿ ಕಣಕಿ ಬಣವೆ ಒಟ್ಟಿದ ಹಾಗೆ. ಮೇಲಿಂದ ನೀರು ಇಳಿಯದಂತೆ ಮುಚ್ಚಬೇಕು, ಇಳಿದರೆ ಕಂಬ ಕೊಳೆಯುತ್ತದೆ. ಏಪ್ರಿಲ್ ಕೊನೆಗೆ ಬಿಚ್ಚಬೇಕು. ಕಂಬ ಸತ್ತಿದ್ದರೂ ಗಡ್ಡೆಯಿಂದ ಮರಿ ಬರುತ್ತದೆ. ಲೆಕ್ಕ ಹಾಕಿ ನೋಡಿದರೆ ಯುಗಾದಿಗೆ ಆ ಹಿತ್ತಲಲ್ಲಿ ಎಲೆ ಇರುವುದಿಲ್ಲ, ಗಿಡ ಇನ್ನೂ ಹುಲ್ಲಿನ ಕೌದಿ ಹೊದ್ದಿರುತ್ತದೆ. ಗಣೇಶ ಚೌತಿಗೆ ಮಾತ್ರ ಆಳುದ್ದ ಎಲೆ ಸಿಗುತ್ತದೆ.

ಈಗ ಗಿಡ್ಡ ಬಾಳೆಗೆ ಬರೋಣ. ಚಾಟ್ಸ್‌ವರ್ತ್‌ನ ಕಂದುಗಳನ್ನು 1838ರಲ್ಲಿ ಜಾನ್ ವಿಲಿಯಮ್ಸ್ ಎಂಬ ಪಾದ್ರಿ ಹಡಗಿನಲ್ಲಿ ಶಾಂತಸಾಗರದ ಸಮೋವಾ ದ್ವೀಪಕ್ಕೆ ಒಯ್ದ. ಅಲ್ಲಿಂದ ಸುತ್ತಲಿನ ದ್ವೀಪಗಳಿಗೆ ಹಬ್ಬಿತು. ಆಗ ಲೋಕದ ವ್ಯಾಪಾರದಲ್ಲಿ ಮೆರೆಯುತ್ತಿದ್ದದ್ದು ಗ್ರೋ ಮಿಶೆಲ್ ಎಂಬ ಎತ್ತರದ ತಳಿ. ಪನಾಮ ರೋಗ ಎಂಬ ಸೊರಗು ರೋಗ ಅದರ ತೋಟಗಳನ್ನು ನುಂಗಿಹಾಕಿತು. 1950-60ರ ದಶಕದಲ್ಲಿ ಕಂಪನಿಗಳು ಆ ರೋಗ ತಾಗದ ಕ್ಯಾವೆಂಡಿಷ್ ಗುಂಪಿನ ತಳಿಗಳಿಗೆ ಬದಲಾದವು. ರೋಗ ತಡೆಯುತ್ತದೆ, ಜೊತೆಗೆ ಗಿಡ್ಡ ಇದೆ, ಗಾಳಿಗೆ ಬೀಳುವುದು ಕಡಿಮೆ. ಗಾಜಿನ ಸೂರಿನ ಕೆಳಗೆ ಮೆಚ್ಚುಗೆ ಗಳಿಸಿದ ಗುಣವೇ ಬಯಲಿನಲ್ಲೂ ಕೆಲಸಕ್ಕೆ ಬಂತು.

ಆ ಗುಂಪಿನ ಒಂದು ತಳಿಯ ಫ್ರೆಂಚ್ ಹೆಸರು ಗ್ರಾಂಡ್ ನೈನ್, ದೊಡ್ಡ ಕುಳ್ಳ ಎಂದು ಅರ್ಥ. ನಮ್ಮ ಬಾಯಲ್ಲಿ ಅದು ಜಿ-ನೈನ್ ಆಗಿ, ಕೊನೆಗೆ ಜಿ-9 ಆಗಿ ನಿಂತಿದೆ. ಜಿ-1ರಿಂದ ಜಿ-8 ಎಲ್ಲಿ ಎಂದು ಹುಡುಕಬೇಡಿ, ಅವು ಇಲ್ಲ.

ಕಪನೂರದಿಂದ ಹುಮನಾಬಾದ್ ರಸ್ತೆ ಹಿಡಿದು ಹೋದರೆ ಕಮಲಾಪುರ. ಅಲ್ಲಿಯ ಕೆಂಪು ಬಾಳೆಗೆ ಜಿಐ ಮಾನ್ಯತೆ ಇದೆ. ಸಿಪ್ಪೆ ಕೆಂಪು, ಒಳಗೆ ಕೆನೆ ಬಣ್ಣ. ಆದರೆ ಗಿಡ ಎತ್ತರ, ಗಾಳಿಗೆ ಉರುಳುತ್ತದೆ, ಕೋಲು ಕೊಡಬೇಕು. ಗೊನೆ ಕೈಗೆ ಬರಲು ಸುಮಾರು ಒಂದೂವರೆ ವರ್ಷ. ಜಿ-9 ಹನ್ನೊಂದು ಹನ್ನೆರಡು ತಿಂಗಳಿಗೆ ಕಟಾವಿಗೆ ಬರುತ್ತದೆ. ಬಾವಿಯ ನೀರು ಬ್ಯಾಸಿಗೆಗೆ ನೆಲ ಕಚ್ಚುವ ಊರಲ್ಲಿ ಆ ಆರು ತಿಂಗಳ ವ್ಯತ್ಯಾಸ ಸಣ್ಣದಲ್ಲ, ಎರಡು ಬ್ಯಾಸಿಗೆ ದಾಟಿಸಬೇಕೋ ಒಂದೋ ಎಂಬ ಪ್ರಶ್ನೆ. ಹಾಗಾಗಿ ಕೆಂಪು ಬಾಳೆಯ ಹೊಲ ಮೊದಲಿನಷ್ಟು ಉಳಿದಿಲ್ಲ. ರೈತರನ್ನು ದೂರುವುದು ಸುಲಭ, ಪಂಪ್‌ಸೆಟ್ಟಿನ ಲೆಕ್ಕ ಅವರಿಗೆ ಗೊತ್ತು.

ಆದರೆ ಒಂದು ಮಾತು ಹೇಳಲೇಬೇಕು. ಪನಾಮ ರೋಗದ ಹೊಸ ರೂಪವೊಂದು ಈಗ ಕ್ಯಾವೆಂಡಿಷ್ ಗುಂಪನ್ನೇ ಹಿಡಿದಿದೆ. ಬಿಹಾರ, ಉತ್ತರ ಪ್ರದೇಶದ ತೋಟಗಳಲ್ಲಿ ಕಾಣಿಸಿಕೊಂಡಿದೆ. ಅದು ಮಣ್ಣಿನಲ್ಲಿ ಹತ್ತಾರು ವರ್ಷ ಕೂರುವ ಶಿಲೀಂಧ್ರ, ಗಡ್ಡೆಯ ಜೊತೆ, ಗುದ್ದಲಿಗೆ ಅಂಟಿದ ಮಣ್ಣಿನ ಜೊತೆ ಊರಿಂದ ಊರಿಗೆ ಹೋಗುತ್ತದೆ. ಜಿಲ್ಲೆಯ ಎಲ್ಲ ಬಾಳೆಯೂ ಒಂದೇ ತಳಿ ಆಗಿಬಿಟ್ಟರೆ ಗ್ರೋ ಮಿಶೆಲ್‌ಗೆ ಆದದ್ದು ಇಲ್ಲಿಯೂ ಆಗಬಹುದು.

ತಿನ್ನುವ ಬಾಳೆಗೆ ಬೀಜ ಇಲ್ಲ, ಕಂದಿನಿಂದಲೇ ವಂಶ. ಕೊನೆಯ ಹೊಲದವನು ಗಡ್ಡೆ ಕಿತ್ತರೆ ಮತ್ತೆ ಬೇಕೆಂದಾಗ ಕೆಂಪು ಬಾಳೆಯ ಕಂದು ಆ ಊರಲ್ಲಿ ಸಿಗುವುದಿಲ್ಲ. ಬಾವಿ ಇದ್ದವರು ಜಿ-9 ಹಾಕಿದರೂ ಬದುವಿನ ಒಳಬದಿ, ಗಾಳಿ ಕಡಿಮೆ ಇರುವ ಕಡೆ ನಾಲ್ಕು ಕೆಂಪು ಬಾಳೆ ಇಡಬಹುದು. ಕಮಲಾಪುರದ ರೈತರನ್ನು ಮುಂಗಾರಿಗೆ ಮುಂಚೆ ಕೇಳಿ. ಅಗಲ ಎಲೆಯ ನೀರುಗಂದು ಬೇಡ. ಬುಡ ದಪ್ಪ ಇದ್ದು ಎಲೆ ಕತ್ತಿಯಂತೆ ಸಣ್ಣಗಿರುವ ಕಂದನ್ನು, ರೋಗ ಇಲ್ಲದ ತಾಯಿ ಗಿಡದ್ದನ್ನು ಆರಿಸಿಕೊಳ್ಳಿ. ತರುವ ಮೊದಲು ಬೇರಿನ ಮಣ್ಣನ್ನು ಅಲ್ಲೇ ಝಾಡಿಸಿ ತೊಳೆದುಬಿಡಿ.